ಗಳಿಗೆ ಬಟ್ಟಲಿನ ಸಭೆ

ಕೋಪ ನನಗೆ ಆಗಲೂ ಮೂಗಿನ ತುದಿಯಲ್ಲೇ ಇತ್ತು, ಈಗಲೂ ಅಲ್ಲೇ ಇದೆ. ವ್ಯತ್ಯಾಸವಿಷ್ಟೇ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಆ ಕೋಪವೆಲ್ಲ ಪ್ರಾಚೀನ ಗ್ರೀಕರ ಪರವಾಗಿ ಖರ್ಚಾಗುತ್ತಿತ್ತು. ಐವತ್ತರ ದಶಕದ ಕೊನೆಯ ವರ್ಷಗಳು. ಶಿವಮೊಗ್ಗದಲ್ಲಿ ಇತಿಹಾಸ, ರಾಜ್ಯಶಾಸ್ತ್ರ ಓದಿ ಬಿ.ಎ. ಮುಗಿಸಿ, ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದಿದ್ದೆ. ಅಥೆನ್ಸಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಮ್ಮ ಮನೆಯವರನ್ನೇ ಬೈದರೇನೋ ಎನ್ನುವಂತೆ ಉರಿದುಬೀಳುತ್ತಿದ್ದೆ.

ಹಾಗೆ ಮಾತಾಡಿದವರಲ್ಲಿ ಮೊದಲಿಗರು ನಮ್ಮಪ್ಪಯ್ಯ. ಸೊರಬದಲ್ಲಿ ನನ್ನನ್ನು ಬಸ್ಸು ಹತ್ತಿಸಲು ಬಂದವರು ಟ್ರಂಕನ್ನು ಮೇಲಕ್ಕೆ ಹಾಕಿಸಿ, ಅದರ ಭಾರಕ್ಕೆ ಕಾರಣವಾದ ನನ್ನ ನೋಟ್ಸುಗಳ ಕಟ್ಟನ್ನು ನೆನೆದು ಕಿಟಕಿಯ ಹತ್ತಿರ ಬಂದು ಕೇಳಿದರು.

"ಅಲ್ಲ ಮಗಾ, ಎರಡು ಸಾವಿರ ವರ್ಷದ ಹಿಂದೆ ಸತ್ತೋರ ಮಾತು ಕಟ್ಟಿಕೊಂಡು ನೀನು ಎಂತ ಮಾಡ್ತಿ? ಅವರೆಂತ ನಮ್ಮ ಗದ್ದೆ ನಾಟಿಗೆ ಬರ್ತಾರನಾ?"

"ನೀನು ಇವತ್ತು ಓಟು ಹಾಕ್ತಿಯಲ್ಲ ಅಪ್ಪಯ್ಯ, ಆ ಬುದ್ಧಿ ಅವರಿಂದ ಬಂದದ್ದು."

"ಓಟಿನ ಚೀಟಿ ತಂದುಕೊಟ್ಟದ್ದು ನಮ್ಮೂರ ಶಾನುಭೋಗರು" ಎಂದರು ಅಪ್ಪಯ್ಯ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನು ಶಿರಾಳಕೊಪ್ಪ ಬರುವವರೆಗೂ ಮುಖ ಗಂಟಿಕ್ಕಿಕೊಂಡೇ ಕೂತಿದ್ದೆ.

ಶಿಕಾರಿಪುರದಲ್ಲಿ ನಾನು ಉಳಿದುಕೊಂಡದ್ದು ಅತ್ತೆಯ ಮನೆಯಲ್ಲಿ. ಅತ್ತೆ ಎಂದರೆ ಅಪ್ಪಯ್ಯನ ಅಕ್ಕ. ಪೇಟೆಯಿಂದ ಎರಡು ಮೈಲಿ ಆಚೆ, ಅಂಜನಾಪುರದ ಕಾಲುವೆಯ ಕೆಳಗಿನ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಮಕ್ಕಳಿರಲಿಲ್ಲ. ಮಾವ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಎರಡು ಎಕರೆ ಗದ್ದೆ, ಎರಡು ಎಮ್ಮೆ, ಹೆಂಚಿನ ಸಣ್ಣ ಮನೆ. ಅತ್ತೆಯಷ್ಟು ಜೋರಾಗಿ ನಗುವ ಹೆಂಗಸನ್ನು ನಾನು ಆಮೇಲೂ ನೋಡಲಿಲ್ಲ. ನಾನು ರೇಗಿದಷ್ಟೂ ಅವಳಿಗೆ ನಗು ಜಾಸ್ತಿ. ನನ್ನ ಸೊರಬದ "ಎಂತ"ವನ್ನು ಕೇಳಿ ನೆರೆಮನೆಯವರು ತಮಾಷೆ ಮಾಡಿದರೆ ಅವಳು ನನ್ನ ಪರ ವಹಿಸುತ್ತಿದ್ದಳು, ಮನೆಯೊಳಗೆ ಬಂದ ಮೇಲೆ ತಾನೇ ಅಣಕಿಸುತ್ತಿದ್ದಳು.

ಅತ್ತೆಗೆ ಇದ್ದ ಒಂದೇ ಒಂದು ಸಂಕಟ ಆ ಗದ್ದೆಯ ನೀರಿನದು. ದೊಡ್ಡ ಕಾಲುವೆಯ ಗೇಟು ಸರ್ಕಾರದ್ದು. ಅತ್ತೆಯ ಊರಿನ ತೂಬಿನಿಂದ ಈಚೆಗೆ ಬಂದ ನೀರನ್ನು ಯಾರು ಯಾವಾಗ ತಮ್ಮ ಗದ್ದೆಗೆ ತಿರುಗಿಸಿಕೊಳ್ಳಬೇಕು ಎನ್ನುವುದು ಮಾತ್ರ ಊರಿನವರ ತೀರ್ಮಾನ. ಬೆಳಿಗ್ಗೆ ತೂಬಿನ ಪಕ್ಕದ ಗದ್ದೆಯಿಂದ ಸರದಿ ಶುರುವಾಗುತ್ತಿತ್ತು. ಒಂದೊಂದೇ ಗದ್ದೆ ಮುಗಿಸಿ ನೀರು ಕಟ್ಟಕಡೆಯ ಗದ್ದೆಗೆ ಬರುವಾಗ ನಡುರಾತ್ರಿ. ಆ ಕಟ್ಟಕಡೆಯ ಗದ್ದೆ ಅತ್ತೆಯದು. ಒಂಟಿ ಹೆಂಗಸು ನಡುರಾತ್ರಿಯಲ್ಲಿ ಗುದ್ದಲಿ ಹಿಡಿದು ಗದ್ದೆಗೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಅವಳ ಮೈದುನ ಹೋಗುತ್ತಿದ್ದ. ನೀರುಗಂಟಿಯೂ, ಅಂದರೆ ಕಾಲುವೆ ಕಾದು ಎಲ್ಲರಿಗೂ ನೀರು ಬಿಡುವವನೂ, ಆ ಮೈದುನನ ಹೆಸರನ್ನೇ ಕೂಗುತ್ತಿದ್ದ. ಮೈದುನನ ಗದ್ದೆ ಅತ್ತೆಯ ಗದ್ದೆಗೆ ಒತ್ತಿಕೊಂಡೇ ಇತ್ತು. ಬೆಳಿಗ್ಗೆ ಹೋಗಿ ನೋಡಿದರೆ ಅವನ ಪೈರಿಗೆ ನೀರು ತುಂಬಿ ತುಳುಕುತ್ತಿರುತ್ತಿತ್ತು, ಇವಳದಕ್ಕೆ ಬೇರು ಒದ್ದೆಯಾಗುವಷ್ಟು. ಕೇಳಿದರೆ "ಈ ಸಲ ನೀರೇ ಕಮ್ಮಿ ಬಂತು ಅತ್ತಿಗೀ" ಎನ್ನುತ್ತಿದ್ದ. ಹನ್ನೊಂದು ವರ್ಷವೂ ಈ ಸಲವೇ.

"ನನಗೆ ಒಂದೇ ಒಂದು ಹಗಲು ಸರದಿ ಕೊಡ್ಲಿ ಮಗಾ" ಎನ್ನುತ್ತಿದ್ದಳು ಅತ್ತೆ. "ನನ್ನ ಹೆಸರು ಕೂಗಲಿ. ನನ್ನ ಗದ್ದೆಗೆ ನಾನೇ ನೀರು ಕಟ್ಟಿಕೊಳ್ತೀನಿ. ಎರಡು ಕೈ ಗಟ್ಟಿ ಅದಾವು."

ಸರದಿ ತೀರ್ಮಾನವಾಗುತ್ತಿದ್ದುದು ಸಂಕ್ರಾಂತಿ ಕಳೆದ ಮೇಲೆ, ಬೇಸಿಗೆ ಬೆಳೆಗೆ ನೀರು ಬಿಡುವ ಮೊದಲು, ತೂಬಿನ ಹತ್ತಿರ ಸೇರುವ ಸಭೆಯಲ್ಲಿ. ಹೆಂಗಸರು ಆ ಸಭೆಗೆ ಹೋಗುತ್ತಿರಲಿಲ್ಲ. ಕಾಲುವೆಯ ಆಚೆ ದಡದಲ್ಲಿ ಬುತ್ತಿ ಹಿಡಿದು ನಿಂತಿರುತ್ತಿದ್ದರು. ಸಭೆಯಲ್ಲಿ ಅತ್ತೆಯ ಪರವಾಗಿ ಮಾತಾಡುತ್ತಿದ್ದವನೂ ಅದೇ ಮೈದುನ.

ಒಂದು ಭಾನುವಾರ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ನಾನು ಅತ್ತೆಗೆ ಅಥೆನ್ಸಿನ ಕಥೆ ಹೇಳಿದೆ. ಅಲ್ಲಿ ರಾಜನಿಲ್ಲ. ಗುಡ್ಡದ ಮೇಲೆ ಊರವರೆಲ್ಲ ಸೇರುತ್ತಾರೆ. ಮಾತಾಡುವವರು ಯಾರಿದ್ದೀರಿ ಎಂದು ಸಾರುವವನೊಬ್ಬ ಕೂಗುತ್ತಾನೆ. ಮಡಕೆ ಮಾಡುವವನೂ ಎದ್ದು ನಿಲ್ಲಬಹುದು, ತೊಗಲು ಹದ ಮಾಡುವವನೂ ಎದ್ದು ನಿಲ್ಲಬಹುದು. ಅಧಿಕಾರವನ್ನು ಚೀಟಿ ಎತ್ತಿ ಹಂಚುತ್ತಾರೆ. ಪ್ರಜೆ ಎಂದರೆ ಸರದಿ ಬಂದಾಗ ಆಳುವವನು, ಸರದಿ ಮುಗಿದ ಮೇಲೆ ಇನ್ನೊಬ್ಬನ ಆಳ್ವಿಕೆಗೆ ತಲೆಬಾಗುವವನು. ನಮ್ಮ ಲೆಕ್ಚರರು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದ್ದನ್ನೂ ಹೇಳಿದೆ. ಅಥೆನ್ಸಿನಿಂದ ಹೊರಟ ಬಾಣ ಪ್ಯಾರಿಸ್, ಲಂಡನ್ ದಾಟಿ, ಸ್ವಾತಂತ್ರ್ಯ, ಸಮಾನತೆ ಎಂದು ಹೊಸ ಹೊಸ ಹೆಸರು ಹೊತ್ತು ನಮ್ಮ ಸಂವಿಧಾನದವರೆಗೆ, ದಿಲ್ಲಿಯವರೆಗೆ ಬಂದು ನಿಲ್ಲುತ್ತಿತ್ತು. ಹೇಳುತ್ತ ಹೇಳುತ್ತ ನನಗೇ ಮೈ ಜುಂ ಎಂದಿತು.

ಅತ್ತೆ ಕಾಳು ಕೇರುತ್ತ ಕೇಳಿದಳು. "ಆ ಗುಡ್ಡದ ಮೇಲೆ ಹೆಂಗಸರು ಕೂರ್ತಿದ್ರನಾ?"

ನಾನು ಸುಳ್ಳು ಹೇಳಬಹುದಿತ್ತು. ಆದರೆ ಅತ್ತೆಯ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ. "ಇಲ್ಲ" ಎಂದೆ. ಒಂದು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡೋಣವೆಂದು, ಜೀತದ ಆಳುಗಳಿಗೂ ಹೊರಗಿನಿಂದ ಬಂದು ನೆಲೆಸಿದವರಿಗೂ ಅಲ್ಲಿ ಜಾಗವಿರಲಿಲ್ಲವೆಂದೂ ಹೇಳಿದೆ.

"ಹಂಗಾರೆ ನಮ್ಮೂರೂ ಅಥೆನ್ಸೇ ಆತಲ್ಲೇ!" ಎಂದು ಅತ್ತೆ ಮೊರ ಪಕ್ಕಕ್ಕಿಟ್ಟು ನಕ್ಕಳು, ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ತನ್ನ ಎಡಗೈಯ ತೋರುಬೆರಳನ್ನು ನನ್ನ ಮುಂದೆ ಹಿಡಿದಳು. "ನೋಡು, ಓಟು ಹಾಕಿದಾಗ ಈ ಬೆರಳಿಗೆ ಮಸಿ ಹಚ್ಚಿದ್ರು. ಗಾಡಿ ಮಾಡಿ ಕರಕೊಂಡು ಹೋಗಿದ್ರು ಗೊತ್ತನಾ. ದಿಲ್ಲಿಯೋರಿಗೆ ನಾನು ಬೇಕು. ನನ್ನ ಗದ್ದೆ ಮುಂದಿನ ಕಾಲುವೆಗೆ ಮಾತ್ರ ನಾನು ಬೇಡ."

ಆ ರಾತ್ರಿ ಟ್ರಂಕು ತೆಗೆದು ನೋಟ್ಸುಗಳನ್ನೆಲ್ಲ ತಿರುವಿಹಾಕಿದೆ. ಲೆಕ್ಚರರ ನೋಟ್ಸಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

ಅದೇ ವಾರ ಶಾಲೆಯಲ್ಲಿ ಮಕ್ಕಳಿಗೆ ಗ್ರೀಕರ ನೀರಿನ ಗಡಿಯಾರದ ಪಾಠ ಮಾಡಿದೆ. ಮೇಲಿನ ಮಡಕೆಯಿಂದ ಕೆಳಗಿನ ಮಡಕೆಗೆ ನೀರು ಸುರಿದು ಮುಗಿಯುವಷ್ಟು ಹೊತ್ತು ಒಬ್ಬ ಮಾತಾಡಬೇಕು, ಮುಗಿದಾಗ ನಿಲ್ಲಿಸಬೇಕು. ಅದು ನ್ಯಾಯಾಲಯದ ಪದ್ಧತಿ, ಗುಡ್ಡದ ಸಭೆಯದಲ್ಲ ಎನ್ನುವುದನ್ನು ನಾನು ಸೌಕರ್ಯಕ್ಕಾಗಿ ನುಂಗಿಕೊಂಡೆ. ತಳ ತೂತು ಮಾಡಿದ ತೆಂಗಿನ ಚಿಪ್ಪಿನಲ್ಲಿ ಆಟ ಆಡಿಸಿದೆ. ತರಗತಿಯಲ್ಲಿ ಅತ್ತೆಯ ಊರಿನ ಪಟೇಲರ ಮೊಮ್ಮಗಳಿದ್ದಳು. ಅವಳು ಮನೆಗೆ ಹೋಗಿ ಅಜ್ಜನನ್ನು ಚಿಪ್ಪಿನ ಮುಂದೆ ಕೂರಿಸಿ, ನೀರು ಖಾಲಿಯಾದ ಕೂಡಲೇ ಬಾಯಿ ಮುಚ್ಚಿಸಿದಳಂತೆ.

ಮಾರನೆಯ ಸಂಜೆ ಪಟೇಲರು ಅತ್ತೆಯ ಮನೆಯ ಕಟ್ಟೆಗೆ ಬಂದು ಕೂತರು. ಎಪ್ಪತ್ತರ ಹತ್ತಿರದ, ದೊಡ್ಡ ಮೀಸೆಯ, ಮೆತ್ತಗಿನ ಮನುಷ್ಯ.

"ಅಕ್ಕೋರೆ, ಅದೇನೋ ಒಬ್ರು ಮಾತಾಡೋವಾಗ ಇನ್ನೊಬ್ರು ಬಾಯಿ ಹಾಕದ ಸಭಾ ಅಂತಲ್ರಿ, ಅದನ್ನ ನಮಗೂ ಹೇಳಿಕೊಡ್ರಿ. ನಮ್ಮ ನೀರಿನ ಸಭಾದಾಗ ಎಲ್ಲಾರೂ ಒಮ್ಮೆಗೇ ಒದರತಾರ. ನನ್ನ ಮಾತು ನನಗ ಕೇಳಂಗಿಲ್ಲ."

ಒಳಗೆ ಅತ್ತೆ ಕಾಫಿಗೆ ನೀರಿಟ್ಟವಳು ಸದ್ದಿಲ್ಲದೆ ಬಾಗಿಲ ಹಿಂದೆ ಬಂದು ನಿಂತದ್ದು ಗೊತ್ತಾಯಿತು.

"ಹೇಳಿಕೊಡ್ತೀನಿ ಪಟೇಲ್ರೆ. ಆದರೆ ಒಂದು ನಿಯಮ ಇದೆ. ಈ ಕಾಲುವೆ ಕೆಳಗೆ ಜಮೀನು ಇರೋರು ಯಾರು ಕೇಳಿದ್ರೂ ಮಾತಾಡೋಕೆ ಬಿಡಬೇಕು. ಯಾರು ಕೇಳಿದ್ರೂ."

"ಅಯ್ಯ, ಅದಕ್ಕೇನ್ರಿ. ಮತ್ತ್ಯಾರು ಕೇಳತಾರ?" ಎಂದರು ಪಟೇಲರು. ಪಹಣಿಯಲ್ಲಿ ಆ ಎರಡು ಎಕರೆ ಅತ್ತೆಯ ಹೆಸರಿಗೇ ಇದೆಯೆಂಬುದು ಅವರಿಗೆ ಆ ಕ್ಷಣ ನೆನಪಾಗಲಿಲ್ಲ. ನಾನು ನೆನಪಿಸಲೂ ಇಲ್ಲ.

ತೆಂಗಿನ ಚಿಪ್ಪು ಸಭೆಗೆ ಸರಿಹೋಗುವುದಿಲ್ಲ, ಗೌರವವಿರುವುದಿಲ್ಲ ಎಂದು ಪಟೇಲರಿಗೆ ಅನಿಸಿತು. ಊರ ಜೋಯಿಸರ ಮನೆಯಲ್ಲಿ ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸೂಜಿಮೊನೆಯಷ್ಟು ತೂತಿರುವ ತಾಮ್ರದ ಬಟ್ಟಲು. ನೀರಿನ ಮೇಲೆ ತೇಲಿಬಿಟ್ಟರೆ ಮೆಲ್ಲಗೆ ತುಂಬಿ ಒಂದು ಗಳಿಗೆಗೆ ಮುಳುಗುತ್ತದೆ. ಹಿಂದೆ ಮದುವೆಯ ಮುಹೂರ್ತವನ್ನು ಅದರಲ್ಲೇ ಅಳೆಯುತ್ತಿದ್ದರು. ಈಗ ಬೀಗರ ಕೈಯಲ್ಲೆಲ್ಲ ವಾಚು ಬಂದು, ಬಟ್ಟಲು ಅಟ್ಟ ಸೇರಿತ್ತು. ನಾನು ಕೇಳಲು ಹೋದಾಗ ಜೋಯಿಸರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೊಳೆಯಿಸಿದರು.

"ಬಟ್ಟಲು ನಾನೇ ತರ್ತೀನಮ್ಮ. ನಾನೇ ತೇಲಿಬಿಡಬೇಕು. ಅದಕ್ಕೊಂದು ಕ್ರಮ ಉಂಟು" ಎಂದರು.

ಆ ಕ್ರಮ ಏನೆಂದು ನಾನು ಕೇಳಲಿಲ್ಲ. ಅಲ್ಲೇ ನಾನು ಎಡವಿದ್ದು. ಒಂದು ಗಳಿಗೆಯೆಂದರೆ ಇಪ್ಪತ್ತನಾಲ್ಕು ನಿಮಿಷ ಎಂಬ ಲೆಕ್ಕವನ್ನೂ ಹಾಕಲಿಲ್ಲ.

ಸಭೆಯ ದಿನ ಬೆಳಿಗ್ಗೆ ತೂಬಿನ ಹತ್ತಿರದ ಹೊಂಗೆಯ ನೆರಳಿನಲ್ಲಿ ಊರಿನ ಗಂಡಸರೆಲ್ಲ ಸೇರಿದರು. ನಾನು ಶಾಲೆಯ ಅಕ್ಕೋರು ಎಂಬ ಕಾರಣಕ್ಕೆ ಈಚೆ ದಡದಲ್ಲಿ, ಜೋಯಿಸರ ಪಕ್ಕ ಮಣೆ ಹಾಕಿಸಿಕೊಂಡು ಕೂತಿದ್ದೆ. ನೀರು ಇನ್ನೂ ಬಿಟ್ಟಿರಲಿಲ್ಲವಾದ್ದರಿಂದ ಕಾಲುವೆ ಒಣಗಿತ್ತು. ಆಚೆ ದಡದಲ್ಲಿ ಬುತ್ತಿ ಹಿಡಿದ ಹೆಂಗಸರು, ಅವರ ನಡುವೆ ಅತ್ತೆ. ಜೋಯಿಸರು ಹಂಡೆಗೆ ಕುಂಕುಮ ಹಚ್ಚಿ, ನೀರು ತುಂಬಿ, ಬಟ್ಟಲು ಕೈಗೆತ್ತಿಕೊಂಡು ಕ್ರಮವನ್ನು ಸಾರಿದರು. ಮದುವೆಯ ಕ್ರಮ. ಬಟ್ಟಲು ನೀರಿನ ಮೇಲಿರುವಾಗ ನಡುವೆ ಬಾಯಿ ಹಾಕಬಾರದು. ಎದ್ದು ಹೋಗಬಾರದು. ಬಟ್ಟಲು ಯಾರ ಹೆಸರಿನಲ್ಲಿ ತೇಲುತ್ತಿದೆಯೋ ಅವರು ಅದು ಮುಳುಗುವವರೆಗೆ ಕೂರಬಾರದು. ತಪ್ಪಿದರೆ ಅಪಶಕುನ, ಬೆಳೆಗೇ ಕೇಡು.

ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ನಾನು ತಂದದ್ದು ಮಾತು ನಿಲ್ಲಿಸುವ ಯಂತ್ರ. ಜೋಯಿಸರು ಅದನ್ನು ಮಾತು ಹೊರಡಿಸುವ ಯಂತ್ರ ಮಾಡಿಬಿಟ್ಟಿದ್ದರು.

ಮೊದಲ ಬಟ್ಟಲು ಪಟೇಲರದು. "ಹ್ವಾದ ವರ್ಷದಂಗ ಈ ವರ್ಷನೂ ತಲಿಯಿಂದ ನೀರು ಬಿಡೋದು" ಎಂದು ಒಂದೇ ಉಸಿರಿಗೆ ಹೇಳಿ ಕೂರಲು ಹೋದರು.

"ಕೂರಬಾರದು ಪಟೇಲ್ರೆ" ಎಂದರು ಜೋಯಿಸರು. "ಬಟ್ಟಲು ಇನ್ನೂ ಮೇಲಿದೆ."

ಪಟೇಲರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಕೆಮ್ಮಿದರು, ಮೀಸೆ ಸವರಿದರು, ಆಮೇಲೆ ಅಂಜನಾಪುರದ ಕಟ್ಟೆ ಕಟ್ಟುವಾಗ ತಾವು ಮಣ್ಣಿನ ಗಾಡಿ ಹೊಡೆದದ್ದರಿಂದ ಶುರುಮಾಡಿದರು. ಅಲ್ಲಿಂದ ತಮ್ಮ ತಂದೆಯ ಬಿಳಿ ಕುದುರೆಗೆ, ಕುದುರೆಯಿಂದ ತೊಗರ್ಸಿಯ ಗುಡಿಯಲ್ಲಿ ಹರಕೆ ಹೊತ್ತದ್ದಕ್ಕೆ, ಕೊನೆಗೆ ತಮ್ಮ ಮಂಡಿನೋವಿನ ಔಷಧಕ್ಕೆ ಬಂದರು. ನಗುವ ಹಾಗಿಲ್ಲ, ನಿಲ್ಲಿಸುವ ಹಾಗಿಲ್ಲ. ಗಂಡಸರು ಟವೆಲ್ಲು ಬಾಯಿಗೊತ್ತಿಕೊಂಡು ಕೂತಿದ್ದರು. ಬಟ್ಟಲು ಗುಳುಂ ಎಂದು ಮುಳುಗಿದಾಗ ಪಟೇಲರು ಕೂತ ರಭಸಕ್ಕೆ ಧೂಳೆದ್ದಿತು.

ಎರಡನೆಯ ಬಟ್ಟಲನ್ನು ಅತ್ತೆಯ ಮೈದುನ ಕೇಳಿದ. ಗದ್ದಲದ ಸಭೆಯಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಇನ್ನೊಬ್ಬರ ಮಾತಿನ ನಡುವೆ ನುಗ್ಗಿ, ಅರ್ಧ ಹೇಳಿ, ಉಳಿದರ್ಧವನ್ನು ಕೂಗಾಟದಲ್ಲಿ ಮುಚ್ಚಿಹಾಕುವ ಕಲೆ ಅವನದು. ಈಗ ಕೂಗುವವರೇ ಇಲ್ಲ.

"ಪಟೇಲ್ರು ಹೇಳಿದ್ದ ಸರಿ ಐತಿ. ನಮ್ಮ ಅತ್ತಿಗಿದೂ ಇದ ಮಾತು. ಆಕಿ ಪರವಾಗಿ ನಾನ ಹೇಳಾಕತ್ತೀನಿ" ಎಂದ. ಬಟ್ಟಲಿನ ಕಡೆ ನೋಡಿದ. ತಳ ಒದ್ದೆಯಾಗಿತ್ತಷ್ಟೇ. ಹೊತ್ತು ಕಳೆಯಬೇಕಲ್ಲ, ಅತ್ತಿಗೆಗಾಗಿ ತಾನು ಪಡುವ ಕಷ್ಟವನ್ನು ಹೇಳತೊಡಗಿದ. ನಡುರಾತ್ರಿ ಏಳುವುದು, ಲಾಟೀನು ಹಚ್ಚುವುದು, ನರಿ ಕೂಗುವುದು, ಬದುವಿನ ಮೇಲೆ ಇಬ್ಬನಿ. ಹೇಳುತ್ತ ಹೇಳುತ್ತ ಅವನಿಗೇ ತನ್ನ ಮೇಲೆ ಕನಿಕರ ಬಂತು.

"ಮದಲ ನನ್ನ ಗದ್ದಿಗೆ ನೀರು ತಿರುವತೀನ್ರಿ. ಸ್ವಲ್ಪ ಹೊತ್ತಿಗೆ ಅತ್ತಿಗಿ ಕಡೆ ಬಿಟ್ಟರಾತು ಅಂತ ಹಿಂಗ ಬದುವಿಗೆ ಒರಗಿರತೀನಿ. ಹಗಲೆಲ್ಲ ದುಡಿದ ಮೈ, ಕಣ್ಣು ಹತ್ತಿಬಿಡತಾವ. ಎಚ್ಚರಾಗಿ ನೋಡಿದ್ರ ಬೆಳಕು ಹರದಿರತೈತಿ, ನೀರು ನನ್ನ ಗದ್ದ್ಯಾಗ ಮೊಣಕಾಲಮಟ..."

ಅಲ್ಲಿ ನಿಂತ. ಬಾಯಿ ಮಾತ್ರ ತೆರೆದೇ ಇತ್ತು. ಬಟ್ಟಲು ಇನ್ನೂ ಅರ್ಧ ತುಂಬಿರಲಿಲ್ಲ. ಪಾಪ, ಉಳಿದ ಹೊತ್ತನ್ನೆಲ್ಲ ಅವನು ತನ್ನ ಎತ್ತಿನ ಕೊಂಬಿನ ಬಗ್ಗೆ ಮಾತಾಡಿ ಕಳೆದ. ಅವನು ಕೆಟ್ಟವನಲ್ಲ ಎಂಬುದು ನನಗೆ ಆಗ ತಿಳಿಯಿತು. ಅವನು ನಿದ್ದೆಗಣ್ಣಿನವನು, ಹನ್ನೊಂದು ವರ್ಷ ಅದನ್ನು ಒಪ್ಪಿಕೊಳ್ಳಬೇಕಾದ ಪ್ರಸಂಗವೇ ಅವನಿಗೆ ಬಂದಿರಲಿಲ್ಲ.

ಬಟ್ಟಲು ಮುಳುಗಿತು. ಜೋಯಿಸರು ಅದನ್ನು ಎತ್ತಿ ನೀರು ಚೆಲ್ಲಿ, "ಇನ್ನು ಯಾರಿದ್ದೀರಿ?" ಎಂದರು.

"ನಾನಿದೀನ್ರೀ" ಎಂದಿತು ಆಚೆ ದಡ.

ಅತ್ತೆ ಬುತ್ತಿಯನ್ನು ಪಕ್ಕದವಳ ಕೈಗೆ ಕೊಟ್ಟು, ಸೀರೆ ಎತ್ತಿಕಟ್ಟಿ, ಒಣ ಕಾಲುವೆಗೆ ಇಳಿದಳು. ತಳದ ಬಿರುಕು ಮಣ್ಣನ್ನು ದಾಟಿ ಈಚೆ ದಡ ಹತ್ತಿ ಬಂದು ಹಂಡೆಯ ಮುಂದೆ ನಿಂತಳು. ನಾನು ಅವಳಿಗೆ ಹೀಗೆ ಮಾಡು ಎಂದು ಹೇಳಿರಲಿಲ್ಲ. ಪಟೇಲರ ಮುಂದೆ ನಿಯಮ ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು, ಅಷ್ಟೇ.

"ಜೋಯಿಸ್ರೆ, ನನಗೂ ಒಂದು ಬಟ್ಟಲು ಹಾಕ್ರಿ."

"ಅತ್ತಿಗೀ, ನಿನ್ನ ಪರವಾಗಿ ನಾನು..." ಎಂದು ಮೈದುನ ಎದ್ದ. ಪಟೇಲರೂ ಏನೋ ಹೇಳಲು ಕೈಯೆತ್ತಿದರು. ಅಷ್ಟರಲ್ಲಿ ಜೋಯಿಸರು ಬಟ್ಟಲನ್ನು ನೀರಿನ ಮೇಲೆ ಇಟ್ಟಾಗಿತ್ತು. ಕೇಳಿದವರಿಗೆ ಕೊಡಬೇಕೆಂದು ಪಟೇಲರೇ ಒಪ್ಪಿದ್ದಾರೆಂದು ನಾನು ಅವರಿಗೆ ಮೊದಲೇ ಹೇಳಿದ್ದೆ, ಅವರು ಕೊಟ್ಟರು. "ಶ್!" ಎಂದು ಬೆರಳು ತುಟಿಗಿಟ್ಟರು. ಮೈದುನ ಕೂತ. ಪಟೇಲರ ಕೈ ಮೆಲ್ಲಗೆ ಇಳಿಯಿತು.

ಅತ್ತೆ ಗಂಟಲು ಸರಿಮಾಡಿಕೊಂಡಳು.

"ನಂದು ಎರಡು ಎಕರೆ, ಕಟ್ಟಕಡೀ ಗದ್ದಿ. ಪಹಣ್ಯಾಗ ನನ್ನ ಹೆಸರೈತಿ. ಹನ್ನೊಂದು ವರ್ಷಾತು, ನನ್ನ ಸರದಿ ನಡುರಾತ್ರಿಗೇ ಬರತೈತಿ. ನಾನು ಹೋಗಾಕ ಆಗಂಗಿಲ್ಲ. ಹ್ವಾದೋರು ಏನು ಮಾಡತಾರಂತ ಈಗಿನ್ನೂ ಕೇಳಿದ್ರಿ. ನನಗ ಹಗಲು ಸರದಿ ಬೇಕು. ನೀರುಗಂಟಿ ನನ್ನ ಹೆಸರು ಹಿಡಿದು ಕೂಗಬೇಕು. ಯಾಕ ಆಗಂಗಿಲ್ಲ, ಹೇಳ್ರಿ."

ಅಷ್ಟೇ. ಮುಗಿಯಿತು. ಅವಳು ಪಟೇಲರ ಹಾಗೆ ಕುದುರೆಯ ಕಥೆ ಹೇಳಲಿಲ್ಲ. ಸೆರಗು ಹೊದ್ದು, ಹಂಡೆಯ ಪಕ್ಕ ಸುಮ್ಮನೆ ನಿಂತಳು. ಹೇಳ್ರಿ ಎಂದವಳು ಅವಳೇ, ಆದರೆ ಬಟ್ಟಲು ಅವಳದು, ಯಾರೂ ಹೇಳುವ ಹಾಗಿಲ್ಲ. ಊರಿಗೆ ಊರೇ ಆ ಪ್ರಶ್ನೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿತು.

ಅಂಥ ಮೌನವನ್ನು ನಾನು ಯಾವ ಶಾಲೆಯಲ್ಲೂ ತರಿಸಲಾರದೆ ಹೋಗಿದ್ದೇನೆ. ಒಬ್ಬನ ಬೀಡಿ ಬೆರಳ ನಡುವೆಯೇ ಆರಿತು. ಇನ್ನೊಬ್ಬ ಸೀನು ಬಂದು ಮೂಗು ಹಿಸುಕಿಕೊಂಡು ಕಣ್ಣು ಕೆಂಪು ಮಾಡಿಕೊಂಡ. ಎಲ್ಲರೂ ಬಟ್ಟಲನ್ನೇ ನೋಡುತ್ತಿದ್ದರು. ಹಂಡೆಯ ನೀರು ಆ ಸಣ್ಣ ತೂತಿನಿಂದ ಮೇಲೇಳುವುದು ಕಾಣುತ್ತಿತ್ತು. ಯಾಕಾಗುವುದಿಲ್ಲ? ಒಬ್ಬೊಬ್ಬರ ಮುಖದಲ್ಲೂ ಒಂದೊಂದು ಉತ್ತರ ಎದ್ದು, ಹೊರಬರಲು ದಾರಿಯಿಲ್ಲದೆ, ತಾನಾಗಿಯೇ ಸಪ್ಪೆಯಾಗಿ ಇಳಿದುಹೋಗುವುದನ್ನು ನಾನು ಕಣ್ಣಾರೆ ಕಂಡೆ. ನನಗೆ ಕುಣಿಯಬೇಕೆನಿಸಿತು. ಮಣೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಬಟ್ಟಲು ಅರ್ಧ ತುಂಬಿತ್ತು. ಗುಂಪಿನ ಹಿಂದೆ ನಿಂತಿದ್ದ ನೀರುಗಂಟಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಬಾಯಿ ತೆರೆಯುವುದು, ಮುಚ್ಚುವುದು. ಹಗಲು ರಾತ್ರಿ ಆ ಕಾಲುವೆಯ ಮೇಲೆ ನಡೆಯುವವನು ಅವನೊಬ್ಬನೇ. ಆದರೆ ಅವನಿಗೆ ಗೇಣು ಭೂಮಿಯಿರಲಿಲ್ಲ. ಜಮೀನು ಇರೋರು ಯಾರು ಕೇಳಿದ್ರೂ ಎಂದು ನಿಯಮ ಮಾಡಿದವಳು ನಾನು. ಅತ್ತೆಯನ್ನು ಒಳಗೆ ತರಲು ನಾನು ತೆರೆದ ಬಾಗಿಲು ಸರಿಯಾಗಿ ಅತ್ತೆಯ ಅಳತೆಗೇ ಇತ್ತು. ಗ್ರೀಕರು ಮಾಡಿದ್ದೂ ಅದನ್ನೇ, ತಮ್ಮ ಅಳತೆಯ ಬಾಗಿಲು. ಕಿವಿಯವರೆಗೂ ನನಗೆ ಬಿಸಿಯೇರಿತು.

ಅತ್ತೆಯೂ ಅವನನ್ನು ನೋಡಿದಳು. "ಅವಗೇನೋ ಹೇಳಾದೈತಿ. ಹೇಳಲಿ" ಎಂದಳು.

ಜೋಯಿಸರು ಗಾಬರಿಯಾಗಿ ತಲೆ ಅಲ್ಲಾಡಿಸಿದರು.

"ಬಟ್ಟಲು ನಂದಲ್ರೀ? ಇನ್ನರ್ಧ ಐತಿ. ನನ್ನ ಅರ್ಧದಾಗ ಅವ ಮಾತಾಡತಾನ." ಆಮೇಲೆ ನನ್ನ ಕಡೆ ತಿರುಗಿ, ಇಡೀ ಊರಿನ ಮುಂದೆ, ಅವರೆಕಾಯಿ ಸುಲಿಯುವಾಗಿನ ಸೊರಬದ ಮಾತಿನಲ್ಲೇ ಕೇಳಿದಳು. "ಏನೇ, ನಿನ್ನ ಗ್ರೀಕರು ಇದಕ್ಕೆಂತ ಹೇಳ್ತಾರೆ?"

ಬಟ್ಟಲಿನವಳೇ ಕೇಳಿದ್ದರಿಂದ ನಾನು ಉತ್ತರ ಕೊಡಬಹುದಿತ್ತು. ಎದ್ದು ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಗ್ರೀಕರು ಬೇಡ ಅಂತಿದ್ರು ಅತ್ತೆ" ಎಂದೆ. "ಆದರೆ ಅದು ಅವರ ತಪ್ಪು. ನಂದೂ ತಪ್ಪು. ಅವನು ಹೇಳಲಿ."

ಅಷ್ಟು ವರ್ಷ ಯಾರ ಪರವಾಗಿ ಊರೆಲ್ಲ ಜಗಳವಾಡಿದ್ದೆನೋ ಅವರನ್ನು ತಪ್ಪು ಎಂದು ಬಿಟ್ಟಾಗ ನನಗೆ ದುಃಖವಾಗಲಿಲ್ಲ, ಆಶ್ಚರ್ಯವೆಂದರೆ ಅವರು ಇನ್ನಷ್ಟು ಹತ್ತಿರದವರೆನಿಸಿದರು. ಆ ಗುಡ್ಡದ ಮೇಲಿನ ಒಳ್ಳೆಯ ಮಾತು ಎರಡು ಸಾವಿರ ವರ್ಷ ಬದುಕಿ ಉಳಿದದ್ದು ಹೀಗೇ ಇರಬೇಕು. ಒಳಗೆ ಜಾಗ ಸಿಕ್ಕ ಯಾರೋ ಒಬ್ಬರು ತಮ್ಮ ಸರದಿಯಲ್ಲಿ ಅರ್ಧವನ್ನು ಹೊರಗೆ ನಿಂತವನಿಗೆ ಕೊಟ್ಟಿದ್ದಾರೆ, ಅವನು ಇನ್ನೊಬ್ಬನಿಗೆ. ಪುಸ್ತಕಗಳಲ್ಲಿ ಅದನ್ನು ದೊಡ್ಡ ದೊಡ್ಡ ಹೆಸರಿಟ್ಟು ಬರೆಯುತ್ತಾರೆ.

ನೀರುಗಂಟಿ ಮುಂದೆ ಬಂದ. ತಲೆಯ ವಸ್ತ್ರ ಬಿಚ್ಚಿ ಕಂಕುಳಲ್ಲಿಟ್ಟುಕೊಳ್ಳಲು ಹೋದವನಿಗೆ ಅತ್ತೆ "ಇರಲಿ, ಕಟ್ಟಿಕೊಂಡೇ ಹೇಳು" ಎಂದಳು.

"ಒಂದು ಸುತ್ತು ತಲಿಯಿಂದ ಬಿಡೂಣ್ರಿ, ಮುಂದಿನ ಸುತ್ತು ಬಾಲದಿಂದ" ಎಂದ ಅವನು. "ನೀರಿಗೇನ್ರಿ, ಮ್ಯಾಲಿನ ಮಡಿ ಮುಚ್ಚಿದ್ರ ಕೆಳಗ ಹೋಗತೈತಿ. ಒಂದ್ಸಲ ಮ್ಯಾಲಿನೋರು ನಿದ್ದಿ ಮಾಡಲಿ, ಒಂದ್ಸಲ ಕೆಳಗಿನೋರು ಮಾಡಲಿ. ನನಗಂತೂ ಎರಡೂ ಸಲ ನಿದ್ದಿಲ್ಲ. ಇಷ್ಟು ವರ್ಷದಾಗ ಯಾರೂ ನನ್ನ ಕೇಳಲಿಲ್ಲ, ಅದಕ್ಕ ಹೇಳಲಿಲ್ಲ."

ಹೇಳಿ ಮುಗಿಸಿ, ಬಟ್ಟಲು ಮುಳುಗುವವರೆಗೂ ಅತ್ತೆಯ ಪಕ್ಕ ನಿಂತ. ಇಬ್ಬರೂ ಮದುವೆಯ ಚಪ್ಪರದಲ್ಲಿ ಬೀಗರನ್ನು ಎದುರುಗೊಳ್ಳುವವರಷ್ಟು ಶಿಸ್ತಾಗಿ ನಿಂತಿದ್ದರು.

ಗುಳುಂ.

ಪಟೇಲರು ಸುತ್ತ ನೋಡಿದರು. "ಇದು ಬ್ಯಾಡ ಅನ್ನೋರು ಅದೀರೇನಪಾ? ಇದ್ರ ಹೇಳ್ರಿ, ಜೋಯಿಸ್ರು ಬಟ್ಟಲು ಹಾಕತಾರ."

ತಲೆಗದ್ದೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಡ ಎನ್ನಬೇಕೆಂದರೆ ಎದ್ದು ನಿಂತು ಒಂದು ಗಳಿಗೆ ಪೂರ್ತಿ ಬೇಡ ಎನ್ನಬೇಕು. ಹೊತ್ತು ನೆತ್ತಿಗೇರಿತ್ತು. ಆಚೆ ದಡದಿಂದ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ ಬರುತ್ತಿತ್ತು. ಒಬ್ಬ ಅರ್ಧ ಎದ್ದ, ಜೋಯಿಸರು ಉತ್ಸಾಹದಿಂದ ಬಟ್ಟಲು ಎತ್ತಿಕೊಂಡದ್ದನ್ನು ನೋಡಿ ಹಾಗೇ ಕೂತ. ಮೈದುನ ಮಾತ್ರ ಜೋರಾಗಿ ನಿಟ್ಟುಸಿರುಬಿಟ್ಟ. "ಒಂದು ಸುತ್ತಾದ್ರೂ ನಾನು ಮಲಗಬೌದಲ್ಲ ಅತ್ತಿಗೀ" ಎಂದ. ಆಗ ಕಟ್ಟೆಯೊಡೆದ ಹಾಗೆ ಎಲ್ಲರೂ ನಕ್ಕರು. ಎರಡು ದಡದವರೂ.

ಎಂಟು ದಿನ ಬಿಟ್ಟು ಕಾಲುವೆಗೆ ನೀರು ಬಂತು. ಮೊದಲ ಸುತ್ತೇ ಬಾಲದಿಂದ ಎಂದು ಪಟೇಲರು ತೀರ್ಮಾನಿಸಿದ್ದರು. ಆ ಬೆಳಿಗ್ಗೆ ನಾನು ಶಾಲೆಗೆ ಹೋಗುವ ದಾರಿ ಬಿಟ್ಟು ಅತ್ತೆಯ ಹಿಂದೆ ಗದ್ದೆಗೆ ಹೋದೆ. ಅತ್ತೆ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಗುದ್ದಲಿಯನ್ನು ಹೆಗಲಿಗಿಟ್ಟು ಬದುವಿನ ಮೇಲೆ ನಿಂತಿದ್ದಳು. ಎಳೆಬಿಸಿಲು. ದೂರದ ತೂಬಿನ ಮೇಲೆ ನೀರುಗಂಟಿಯ ಆಕೃತಿ ಕಾಣುತ್ತಿತ್ತು. ಅವನು ಎರಡೂ ಕೈ ಬಾಯಿಗೆ ಆನಿಸಿ ಒಂದು ಹೆಸರು ಕೂಗಿದ.

ಅತ್ತೆ ಅಲುಗಾಡಲಿಲ್ಲ. ಅವನು ಮತ್ತೆ ಕೂಗಿದ. ಅತ್ತೆ ಹಿಂದಕ್ಕೆ ತಿರುಗಿ ನೋಡಿದಳು, ಆಚೀಚೆ ಗದ್ದೆಗಳನ್ನೂ ನೋಡಿದಳು.

"ಯಾರನ್ನೇ ಅವನು ಕರೀತಿರದು?"

ಅಪ್ಪಯ್ಯನಿಗೆ ಅವಳು ಅಕ್ಕ, ನನಗೆ ಅತ್ತೆ, ಮೈದುನನಿಗೆ ಅತ್ತಿಗೆ, ಊರಿಗೆ ಆ ಮನೆಯ ಹಿರೇಸೊಸೆ. ಮದುವೆಯಾಗಿ ಸೊರಬ ಬಿಟ್ಟ ಮೇಲೆ ಆ ಹೆಸರನ್ನು ಇಷ್ಟು ಗಟ್ಟಿಯಾಗಿ ಯಾರೂ ಕೂಗಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಅವಳ ಎದೆಯ ಕಡೆ ಬೆರಳು ತೋರಿಸಿದೆ.

ಅವನು ಮೂರನೆಯ ಸಲ ಕೂಗಿದ.

"ನಾನೇ!" ಎಂದು ಅತ್ತೆ ಇಡೀ ಬಯಲಿಗೆ ಕೇಳುವ ಹಾಗೆ ಓಗೊಟ್ಟಳು. "ನಾನೇ ಕಣಪ್ಪಾ, ಇಲ್ಲೇ ಅದೀನಿ, ಬಿಡು ನೀರು!"